ಆಷಾಢದ ಮದುವೆಗೆ ಕಾರ್ತಿಕದ ಪತ್ರಿಕೆ

ನಮ್ಮ ಲಗ್ನಪತ್ರಿಕೆಯನ್ನು ಬರೆದವಳು ನಾನು ಎಂದು ಹೇಳಿಕೊಳ್ಳುವಾಗ ನನಗೆ ಸ್ವಲ್ಪ ಜಂಬ ಬರುತ್ತದೆ. ಬಂದರೆ ಬರಲಿ. ನಮ್ಮ ಕಡೆ ಲಗ್ನಪತ್ರಿಕೆಯನ್ನು ಯಾರೂ ಬರೆಯುವುದಿಲ್ಲ, ತುಂಬಿಸುತ್ತಾರೆ ಅಷ್ಟೆ. ಚಾಮರಾಜನಗರದ ಯಾವ ಪ್ರೆಸ್ಸಿಗೆ ಹೋದರೂ ಮ್ಯಾಟರ್ ಸಿದ್ಧವಾಗಿರುತ್ತದೆ. ಮೇಲೆ ಮಾದಪ್ಪನೋ ನಂಜುಂಡನೋ ಪ್ರಸನ್ನ, ಕೆಳಗೆ ಗುರುಹಿರಿಯರು ನಿಶ್ಚಯಿಸಿರುವಂತೆ, ಅದರ ಕೆಳಗೆ ಶುಭಮುಹೂರ್ತ, ಸಕುಟುಂಬ ಸಪರಿವಾರ. ಹೆಸರು, ತಾರೀಖು, ಛತ್ರ ಬದಲಾಯಿಸಿದರೆ ಮುಗಿಯಿತು. ಹಾಗೆ ತುಂಬಿಸಿ ಮುಗಿಸಬಹುದಾಗಿದ್ದ ಒಂದು ಹಾಳೆಗಾಗಿ ನಮ್ಮ ಮನೆಯಲ್ಲಿ ದಸರಾ ರಜೆಯುದ್ದಕ್ಕೂ ಜಗಳ ನಡೆಯಿತು. ಜಗಳ ಇದ್ದದ್ದು ಒಂದೇ ಒಂದು ಹೆಸರಿನ ಮೇಲೆ. ಅದು ನನ್ನ ಅವ್ವನ ಹೆಸರು.

ಅಪ್ಪ ತೀರಿಕೊಂಡಾಗ ನಾನಿನ್ನೂ ಪ್ರೈಮರಿ ಶಾಲೆಯಲ್ಲಿದ್ದೆ. ಆಮೇಲೆ ಉಮ್ಮತ್ತೂರಿನ ನಮ್ಮ ಪಾಲಿನ ಜಮೀನನ್ನು ಅವ್ವನೇ ಮಾಡಿಸಿದಳು. ಬಾಳೆ ಹಾಕಿದಳು, ಅರಿಸಿನ ಹಾಕಿದಳು, ಎರಡು ಹಸು ಕಟ್ಟಿದಳು. ನನ್ನನ್ನು ಡಿ.ಎಡ್. ಓದಿಸಿದಳು. ಅವಳು ಬೆಳೆದು, ಬೇಯಿಸಿ, ಒಣಗಿಸಿದ ಅರಿಸಿನದ ಕೊಂಬು ಊರಿನ ಅರ್ಧ ಮದುವೆಗಳಿಗೆ ಹೋಗುತ್ತಿತ್ತು. ಆದರೆ ಅದೇ ಮದುವೆಗಳಲ್ಲಿ ಹೆಣ್ಣಿಗೆ ಅರಿಸಿನ ಹಚ್ಚುವ ಹೊತ್ತಿಗೆ ಅವ್ವ ಎದ್ದು ಅಡುಗೆ ಮನೆಗೆ ಹೋಗಿಬಿಡುತ್ತಿದ್ದಳು. ಹೋಗು ಎಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಕೂತ್ಕೋ ಎಂದೂ ಹೇಳುತ್ತಿರಲಿಲ್ಲ. ಚಿಕ್ಕವಳಿದ್ದಾಗ ನಾನು ಇದನ್ನು ಅವಳಿಗೆ ಅಡುಗೆಯ ಮೇಲಿರುವ ಪ್ರೀತಿ ಎಂದುಕೊಂಡಿದ್ದೆ.

ನನ್ನ ಸಂಬಂಧ ನೋಡಿದವರು ದೊಡ್ಡಪ್ಪ, ಅಪ್ಪನ ಅಣ್ಣ. ಗೋಡೆಗೆ ಗೋಡೆ ಅಂಟಿಕೊಂಡೇ ಅವರ ಮನೆ. ಒಂದೇ ಮನೆಯಾಗಿದ್ದದ್ದು ಪಾಲಾದಾಗ ಮಧ್ಯೆ ಗೋಡೆ ಬಂದಿತ್ತು. ಹುಡುಗ ಭೀಮನಬೀಡಿನವರು, ನಮ್ಮವರೇ, ಗುಂಡ್ಲುಪೇಟೆಯ ತಾಲೂಕು ಕಚೇರಿಯಲ್ಲಿ ಕೆಲಸ. ನಾನೋ ಮಾದಪ್ಪನ ಬೆಟ್ಟದ ಆಚೆ ಕಡೆಯ ಒಂದು ಶಾಲೆಯಲ್ಲಿ ಟೀಚರು. ಎರಡೂ ಕಡೆಯವರು ಒಪ್ಪಿ, ಎಲೆಅಡಿಕೆ ಬದಲಾಯಿಸಿ, ಕಾರ್ತಿಕದಲ್ಲಿ ಮದುವೆ ಎಂದು ಮಾತಾಗಿತ್ತು. ಅಷ್ಟರಲ್ಲಿ ವರ್ಗಾವಣೆಯ ಪ್ರಕಟಣೆ ಬಂತು. ಗಂಡ ಹೆಂಡತಿ ಇಬ್ಬರೂ ಸರ್ಕಾರಿ ನೌಕರರಾಗಿದ್ದರೆ ಒಂದೇ ಕಡೆಗೆ ಹಾಕಿಸಿಕೊಳ್ಳಬಹುದು, ಆದರೆ ಮದುವೆಯ ಸರ್ಟಿಫಿಕೇಟು ಬೇಕು. ಈ ಸಲ ತಪ್ಪಿದರೆ ಮುಂದಿನದು ಯಾವಾಗಲೋ ದೇವರೇ ಬಲ್ಲ. ಕಾರ್ತಿಕಕ್ಕೆ ಮದುವೆಯಾಗಿ ನಾನು ಬೆಟ್ಟದ ಆಚೆ, ಅವರು ಕಾಡಿನ ಈಚೆ ಕೂತು ವಾಟ್ಸಾಪಿನಲ್ಲಿ ಸಂಸಾರ ಮಾಡಬೇಕಾಗುತ್ತಿತ್ತು.

ಹಾಗಾಗಿ ರಿಜಿಸ್ಟರ್ ಮದುವೆ ಮಾಡಿಕೊಂಡುಬಿಡೋಣ ಎಂದು ತೀರ್ಮಾನಿಸಿದೆವು. ನೋಟಿಸು ಹಾಕಿ ಒಂದು ತಿಂಗಳು ಕಾಯಬೇಕು. ಕಾದು ಎಣಿಸಿದರೆ ದಿನ ಬಂದು ಬಿದ್ದದ್ದು ಸರಿಯಾಗಿ ಆಷಾಢದ ನಡುಮಧ್ಯಕ್ಕೆ. ಸರ್ಕಾರಕ್ಕೆ ಆಷಾಢ, ಶ್ರಾವಣ ಎಂಬ ಭೇದ ಇಲ್ಲವಲ್ಲ. ನಮ್ಮ ಊರಿಗೆ ಇದೆ.

ನೋಟಿಸು ನೋಂದಣಿ ಕಚೇರಿಯ ಬೋರ್ಡಿನಲ್ಲಿ ನೇತಾಡುತ್ತಿದ್ದದ್ದನ್ನು ಜಮೀನಿನ ಕೆಲಸಕ್ಕೆಂದು ಗುಂಡ್ಲುಪೇಟೆಗೆ ಹೋಗಿದ್ದ ನಮ್ಮೂರಿನವರೊಬ್ಬರು ನೋಡಿದರು. ನೋಡಿದವರು ಬಸ್ಸು ಹತ್ತಿ ಊರು ಸೇರುವಷ್ಟರಲ್ಲಿ ಸುದ್ದಿ ಅವರಿಗಿಂತ ಮುಂಚೆ ಬಂದಿತ್ತು. ನಮ್ಮ ಕಡೆ ರಿಜಿಸ್ಟರ್ ಮದುವೆ ಅಂದರೆ ಒಂದೇ ಅರ್ಥ, ಓಡಿಹೋಗಿ ಆಗಿದ್ದು. ಸಾಯಂಕಾಲ ದೊಡ್ಡಪ್ಪನನ್ನೇ ಅರಳಿಕಟ್ಟೆಯಲ್ಲಿ ತಡೆದು ಒಬ್ಬರು, "ನಿಮ್ ತಮ್ಮನ್ ಮಗಳು ಭೀಮನಬೀಡಿನ ಉಡುಗ್ನ ಕಟ್ಕಂಡು ಓಗ್ಬುಟ್ಟವ್ಳಂತಲ್ಲ, ನಿಜ್ವಾ?" ಎಂದು ಕೇಳಿದರಂತೆ. ಸಂಬಂಧ ತಂದವರಿಗೇ ಈ ಪ್ರಶ್ನೆ. ದೊಡ್ಡಪ್ಪ ಮನೆಗೆ ಬಂದು ಟವೆಲ್ಲು ಕೊಡವಿದ ರಭಸಕ್ಕೇ ನನಗೆ ಎಲ್ಲ ಗೊತ್ತಾಯಿತು.

ಮದುವೆಗೆ ಮೂವರು ಸಾಕ್ಷಿಗಳು ಬೇಕಿತ್ತು. ನನ್ನ ಕಡೆಯಿಂದ ದೊಡ್ಡಪ್ಪ ಬರುವುದು ಎಂದಾಗಿತ್ತು. ಹೊರಡುವ ದಿನ ಬೆಳಗ್ಗೆ ಅವರು ಜಗುಲಿಯ ಮೇಲೆ ಪಂಚೆ ಕಟ್ಟಿಕೊಂಡು ಕೂತವರು ಕೂತೇ ಇದ್ದರು.

"ಆಷಾಡ್ದಲ್ಲಿ ಮದ್ವೆಗೆ ಕೈ ಆಕೋನಲ್ಲ ಕಣಮ್ಮಿ ನಾನು. ಅದೇನೋ ಆಫೀಸ್ ಕೆಲ್ಸ ಅಂತೀರಲ್ಲ, ನೀವೇ ಮುಗಿಸ್ಕಂಡು ಬನ್ನಿ. ಕಾರ್ತೀಕ್ದಲ್ಲಿ ಮದ್ವೆ ನಾನು ಮಾಡ್ತೀನಿ."

ನನಗೆ ಕೋಪ ನೆತ್ತಿಗೇರಿತು. ಅವ್ವ ನನ್ನ ಕೈ ಹಿಸುಕಿ, "ಬಾ, ಬಸ್ಸು ಓಯ್ತದೆ" ಎಂದಳು. ಆಫೀಸು ಕೆಲಸ ಎಂದ ಮೇಲೆ ಅವಳಿಗೆ ಬರಲು ಅಡ್ಡಿ ಇರಲಿಲ್ಲ. ಬ್ಯಾಂಕು, ನಾಡಕಚೇರಿ, ಹಾಲಿನ ಡೇರಿ, ಎಲ್ಲಕ್ಕೂ ಅವಳೇ ಹೋಗಿ ಬರುವವಳು. ಆಧಾರ್ ಕಾರ್ಡು ಅವಳ ಎಲೆಅಡಿಕೆ ಚೀಲದಲ್ಲೇ ವಾಸ. ಒಂದು ಡಬ್ಬಿ ಚಿತ್ರಾನ್ನ ಕಟ್ಟಿಕೊಂಡು, ದಿನಾ ಉಡುವ ಸೀರೆಗಿಂತ ಒಂದು ಮೇಲಾದದ್ದನ್ನು ಉಟ್ಟು ಹೊರಟಳು.

ಕಚೇರಿಯಲ್ಲಿ ನಮ್ಮ ಸರದಿ ಬಂತು. ನನ್ನ ಗಂಡನ ತಂದೆ, ಗಂಡನ ಸಹೋದ್ಯೋಗಿ ಒಬ್ಬರು, ನಾವಿಬ್ಬರು ಮೇಜಿನ ಮುಂದೆ ನಿಂತೆವು. ನನ್ನ ಗೆಳತಿ ಎರಡು ಹಾರ ತಂದಿದ್ದಳು, ಅವನ್ನು ಬಿಚ್ಚಿದಳು. ಹೂವಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಅವ್ವ ಅಭ್ಯಾಸಬಲದಿಂದ ಹಿಂದೆ ಹಿಂದೆ ಸರಿದು ಬಾಗಿಲಾಚೆ ಹೋಗಿ ನಿಂತಳು. ಅಧಿಕಾರಿ ಒಬ್ಬ ಹೆಂಗಸು. ಕಾಗದ ನೋಡಿ ತಲೆ ಎತ್ತಿದರು.

"ಇನ್ನೊಬ್ಬ ಸಾಕ್ಷಿ ಯಾರು?"

ಬರಬೇಕಾದವರು ಬಂದಿಲ್ಲ ಎಂದು ನನ್ನ ಗಂಡ ಹೇಳಿದರು. ನನ್ನ ಗೆಳತಿ ಮುಂದೆ ಬರುವುದರಲ್ಲಿದ್ದಳು. ನಾನು ತಡೆದು, ನನ್ನ ತಾಯಿ ಹಾಕುತ್ತಾರೆ ಎಂದೆ. ಆ ಮಾತು ನನ್ನ ಬಾಯಿಂದ ಬಂದಾಗ ನನಗೇ ಆಶ್ಚರ್ಯವಾಯಿತು.

"ಎಲ್ಲಿ ಅವರು?" ಅಧಿಕಾರಿ ಬಗ್ಗಿ ಬಾಗಿಲ ಕಡೆ ನೋಡಿದರು. "ಅಮ್ಮ, ಅಲ್ಯಾಕೆ ನಿಂತಿದ್ದೀರಿ? ಬನ್ನಿ, ಇಲ್ಲಿ ಬನ್ನಿ. ನೀವು ಸಹಿ ಮಾಡದೆ ಇವರ ಮದುವೆ ಆಗೋದಿಲ್ಲ."

ಅವ್ವ ಒಳಗೆ ಬಂದಳು. ಹಾರ ಹಿಡಿದ ನಮ್ಮಿಬ್ಬರ ಮಧ್ಯೆ ಹಾದು, ಮೇಜಿನ ಮೇಲೆ ಬಗ್ಗಿ, ಡೇರಿಯಲ್ಲಿ ಹಾಕಿ ಹಾಕಿ ಪಳಗಿದ ತನ್ನ ಸಹಿಯನ್ನು ಹಾಕಿದಳು. ಮುಗಿದ ಮೇಲೂ ಪೆನ್ನನ್ನು ಕೆಳಗಿಡಲಿಲ್ಲ. ಅಧಿಕಾರಿಯೇ ಕೈ ಚಾಚಿ ತೆಗೆದುಕೊಂಡರು. ನಾವು ಹಾರ ಹಾಕಿಕೊಂಡಾಗ ಅವಳು ನನ್ನ ಪಕ್ಕದಲ್ಲೇ ಇದ್ದಳು. ಅದು ಮದುವೆ ಎಂದು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದೆ ಇದ್ದದ್ದರಿಂದ ನನ್ನ ಮದುವೆಗೆ ನನ್ನ ತಾಯಿ ಸಿಕ್ಕಳು. ಆಮೇಲೆ ಬಸ್‌ಸ್ಟ್ಯಾಂಡಿನ ಹತ್ತಿರ ಚಿತ್ರಾನ್ನ ತಿಂದೆವು. ನನ್ನ ಮಾವನವರು ಎರಡು ಸಲ ಹಾಕಿಸಿಕೊಂಡರು.

ವರ್ಗಾವಣೆ ಆಯಿತು. ಗುಂಡ್ಲುಪೇಟೆಯ ಪಕ್ಕದ ಮದ್ದೂರು ಕಡೆಯ ಒಂದು ಶಾಲೆ ಸಿಕ್ಕಿತು, ಕೇರಳದ ರಸ್ತೆಯಲ್ಲಿ, ಕಾಡಿನ ಅಂಚಿಗೆ. ಆಷಾಢ ಕಳೆದ ಮೇಲೆ ಅತ್ತೆ ದೀಪ ಹಚ್ಚಿ ನನ್ನನ್ನು ಮನೆ ತುಂಬಿಸಿಕೊಂಡರು. ಗುಂಡ್ಲುಪೇಟೆಯಲ್ಲಿ ಒಂದು ಬಾಡಿಗೆ ಮನೆ ಮಾಡಿ ನಾವಿಬ್ಬರೂ ಸಂಸಾರ ಹೂಡಿದೆವು. ಕಾರ್ತಿಕದ ಮದುವೆ ಮಾತ್ರ ಹಾಗೇ ಬಾಕಿ ಇತ್ತು. ದೊಡ್ಡಪ್ಪ ಅದನ್ನು ಬಿಡುವವರಲ್ಲ. ನನಗೂ ಬೇಡ ಎಂದಿರಲಿಲ್ಲ. ಊರಿನವರ ಮುಂದೆ ಗುರುಗಳ ಕೈಲಿ ಆಶೀರ್ವಾದ ಮಾಡಿಸಿಕೊಳ್ಳಬೇಕು, ನಾಲ್ಕು ಜನಕ್ಕೆ ಪಾಯಸದ ಊಟ ಹಾಕಬೇಕು ಎಂಬ ಆಸೆ ಟೀಚರಾದರೂ ಇರುತ್ತದಲ್ಲ. ಮಠದ ಸ್ವಾಮಿಗಳನ್ನು, ನಮ್ಮ ಬುದ್ಧಿಯವರನ್ನು, ಕೇಳಿದ್ದಕ್ಕೆ, "ಆಗಿರೋ ಮದುವೆಗೆ ಇನ್ನೊಂದು ಮದುವೆ ಏನೂ ಬೇಡ. ಗುರುಪಾದ ಪೂಜೆ ಮಾಡಿ, ಇಬ್ಬರಿಗೂ ಹಾರ ಹಾಕಿಸಿ, ದಾಸೋಹ ಮಾಡಿ" ಎಂದು ಅವರೇ ಸುಲಭ ಮಾಡಿಕೊಟ್ಟಿದ್ದರು.

ದಸರಾ ರಜೆಗೆ ನಾವಿಬ್ಬರೂ ಉಮ್ಮತ್ತೂರಿಗೆ ಬಂದೆವು. ಮಾರನೆ ದಿನವೇ ದೊಡ್ಡಪ್ಪ ಪೇಟೆಯ ಪ್ರೆಸ್ಸಿನಿಂದ ಮ್ಯಾಟರು ತಂದು, ನಮ್ಮ ಪಡಸಾಲೆಯಲ್ಲಿ ಕೂತು, ಕನ್ನಡಕ ಏರಿಸಿ ಓದಿದರು. ಕರೆಯುವವರು ದೊಡ್ಡಪ್ಪ, ದೊಡ್ಡಮ್ಮ. ದೊಡ್ಡಪ್ಪನ ಹೆಸರಿನ ಕೆಳಗೆ ಪ್ರಗತಿಪರ ರೈತರು ಎಂದು ಬಿರುದು. ನನ್ನ ಕಿರಿಯ ಸಹೋದರ ದಿವಂಗತ ಇಂಥವರ ಸುಪುತ್ರಿ ಎಂದು ನಾನು. ಕಾರ್ತಿಕ ಮಾಸದ ಇಂಥ ದಿನ ವಿವಾಹ ಮಹೋತ್ಸವ. ಕೊನೆಯಲ್ಲಿ ಸುಖಾಗಮನ ಬಯಸುವವರು ಎಂದು ನಮ್ಮ ಚಿಕ್ಕಪ್ಪ, ಭಾವಂದಿರು, ಬೆಂಗಳೂರಿನಲ್ಲಿ ಆಟೋ ಓಡಿಸುವ ದೂರದ ಅಣ್ಣನವರೆಗೆ ಎಲ್ಲರೂ ಇದ್ದರು.

"ದೊಡ್ಡಪ್ಪ, ಅವ್ವ ಎಲ್ಲಿ?" ಎಂದೆ.

ಅವರು ಕತ್ತೆತ್ತದೆ, "ಅಡ್ಗೆ ಮನೇಲಿ ಇರ್ಬೇಕು ನೋಡು" ಎಂದರು.

"ಪತ್ರಿಕೇಲಿ ಎಲ್ಲಿ ಅಂದೆ."

ಆಗ ಕನ್ನಡಕ ತೆಗೆದರು. ಸಿಟ್ಟು ಮಾಡಲಿಲ್ಲ, ಶಾಲೆಗೆ ಹೊಸದಾಗಿ ಬಂದ ಮಗುವಿಗೆ ಹೇಳುವಂತೆ ಹೇಳಿದರು. "ಒಳ್ಳೇ ಕೆಲ್ಸದ ಪತ್ರಿಕೆ ಕಣಮ್ಮಿ ಇದು. ಅದ್ರಲ್ಲಿ ಅವ್ಳೆಸ್ರು ಬರಂಗಿಲ್ಲ. ನಾನೇನು ಮಾಡಿದ್ ರೂಲ್ಸಾ? ತಾತ್ನ ಕಾಲ್ದಿಂದ ಬಂದಿರೋದು. ನಿಮ್ಮಪ್ಪ ಇಲ್ದೋದ್ಮೇಲೆ ಎಣ್ಣಿನ್ ತಂದೆ ಜಾಗ್ದಲ್ಲಿ ನಾನಿವ್ನಿ. ನಿಂಗೇನು ಕಮ್ಮಿ ಮಾಡಿವ್ನಿ?"

ನಿಜ ಹೇಳಬೇಕೆಂದರೆ ಕಮ್ಮಿ ಏನೂ ಮಾಡಿರಲಿಲ್ಲ. ಅಪ್ಪ ಹೋದಾಗ ನಮ್ಮ ಹೊಲ ಒತ್ತರಿಸಲು ಬಂದವರ ಮುಂದೆ ಕೋಲು ಹಿಡಿದು ನಿಂತವರು ಅವರೇ. ಕೆಟ್ಟವರ ಜೊತೆ ಜಗಳ ಸುಲಭ, ಒಳ್ಳೆಯವರ ಜೊತೆ ಬಲು ಕಷ್ಟ. ಅಷ್ಟರಲ್ಲಿ ಒಳಗಿನಿಂದ ಅವ್ವನೇ, "ಸುಮ್ಕಿರು ಕಣವ್ವ. ನನ್ನೆಸ್ರು ಯಾಕೆ ಅದ್ರಲ್ಲಿ? ಭಾವ ಬರ್ಸಿರೋದು ಸರ್ಯಾಗದೆ" ಎಂದು ಕೂಗಿದಳು. ನನಗೆ ದೊಡ್ಡಪ್ಪನಿಗಿಂತ ಅವಳ ಮೇಲೆ ಹೆಚ್ಚು ಸಿಟ್ಟು ಬಂತು.

ಆದರೂ ಬಿಡಲಿಲ್ಲ. ನಾಲ್ಕಾರು ದಿನ ಇದೇ ಜಗಳವಾಡಿ, ಒಂದು ಮಧ್ಯಾಹ್ನ ಊಟವಾದ ಮೇಲೆ ಹಾಳೆ ತೆಗೆದುಕೊಂಡು ನಾನೇ ಬರೆಯಲು ಕೂತೆ. ವಿಶೇಷ ವಿವಾಹ ಅಧಿನಿಯಮದ ಅನ್ವಯ ಈಗಾಗಲೇ ವಿಧ್ಯುಕ್ತವಾಗಿ ನೋಂದಾಯಿತ ದಂಪತಿಗಳಾಗಿರುವ ಎಂದು ಶುರುಮಾಡಿ, ಮಾತೃಶ್ರೀಯವರ ಸಾಕ್ಷಿತ್ವದಲ್ಲಿ ಎಂದೆಲ್ಲ ಹೊಸೆದೆ. ನನ್ನ ಗಂಡ ಹಾಳೆ ಇಸಕೊಂಡು ಓದಿ, "ಇದು ಲಗ್ನಪತ್ರಿಕೆಯೋ ಸುತ್ತೋಲೆಯೋ? ಕೆಳಗೆ ಪ್ರತಿಯನ್ನು ತಹಸೀಲ್ದಾರರಿಗೆ ಸಲ್ಲಿಸಲಾಗಿದೆ ಅಂತ ಒಂದು ಹಾಕಿಬಿಡು" ಎಂದರು. ತಾಲೂಕು ಕಚೇರಿಯಲ್ಲಿ ಕೆಲಸ ಮಾಡುವವರ ಬಾಯಲ್ಲಿ ಈ ಮಾತು ಕೇಳಬೇಕಾಯಿತಲ್ಲ ಎಂದು ನನಗೆ ಮೈ ಉರಿಯಿತು. ಹರಿದು ಹಾಕಿ ಇನ್ನೊಂದು ಬರೆದೆ. ಅದೂ ಹಾಗೇ ಇತ್ತು. ಆದರೆ ಅವ್ವನ ಹೆಸರು ಎರಡರಲ್ಲೂ ಮೇಲಿತ್ತು.

ಸಾಯಂಕಾಲ ದೊಡ್ಡಪ್ಪ, ದೊಡ್ಡಮ್ಮ ಇಬ್ಬರೂ ಬಂದರು. ನಾನು ಹಾಳೆ ಕೊಟ್ಟೆ. ದೊಡ್ಡಪ್ಪ ಎರಡು ಸಾಲು ಓದುವಷ್ಟರಲ್ಲಿ ಮುಖ ಕೆಂಪಗಾಯಿತು.

"ಆಗ್ಲೇ ಮದ್ವೆ ಆಗದೆ ಅಂತ ಬರ್ದು ಊರ್ಗೆಲ್ಲ ಅಂಚ್ಬೇಕಾ? ಓಡೋಗಿದ್ಲು ಅಂತ ಮಾತಾಡ್ಕಂಡವ್ರ ಬಾಯ್ಗೆ ನಾವೇ ಸಕ್ರೆ ಆಕ್ಬೇಕಾ? ಆಫೀಸಲ್ಲಿ ಆಗಿದ್ದು ಒಂದ್ ಮದ್ವೆನಾ? ಯಾರೋ ನಾಕ್ ಜನ ಸೈನು ಗೀಚ್ಬುಟ್ರೆ ಮದ್ವೆ ಆಗೋಯ್ತದಾ? ಅದೆಲ್ಲ ಲೆಕ್ಕಕ್ಕಿಲ್ಲ. ಮದ್ವೆ ಆಗೋದು ಕಾರ್ತೀಕ್ದಲ್ಲೇ."

ಅಡುಗೆ ಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಅವ್ವ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತಳು. ಭಾವನ ಮುಂದೆ ಅವಳು ಎಂದೂ ಪಡಸಾಲೆಗೆ ಬಂದು ಮಾತಾಡಿದವಳಲ್ಲ. ಮಾತಾಡಿದರೂ ಗೋಡೆಗೋ ಕಂಬಕ್ಕೋ ಹೇಳುವಂತೆ ಮುಖ ತಿರುಗಿಸಿ ಹೇಳುವುದು. ಆವತ್ತು ನೇರವಾಗಿ ಅವರನ್ನೇ ನೋಡಿದಳು.

"ಭಾವ, ಒಂದು ಮಾತು. ಅದು ಮದ್ವೆ ಅಲ್ಲ ಅಂದ್ರೆ, ನನ್ ಮಗಳು ಶ್ರಾವಣದಿಂದ ಅವ್ರ ಮನೇಲಿ ಎಂಗಿದ್ಲು?"

ದೊಡ್ಡಪ್ಪ ಕೈಲಿದ್ದ ಹಾಳೆಯನ್ನು ಕೆಳಗಿಟ್ಟರು.

"ಗುಂಡ್ಲುಪೇಟೇಲಿ ಸಂಸಾರ ಮಾಡ್ತಾವ್ಳೆ ಅಂತ ಊರ್ಗೆಲ್ಲ ಗೊತ್ತು. ಈಗ ನೀವು ಕಾರ್ತೀಕ್ದಲ್ಲಿ ಮದ್ವೆ ಅಂತ ಪತ್ರಿಕೆ ಅಂಚುದ್ರೆ, ಇಷ್ಟ್ ದಿನ ಮದ್ವೆ ಇಲ್ದೆ ಇದ್ಲು ಅಂತ ನಾವೇ ಬರ್ದು ಕೊಟ್ಟಂಗಾಗಲ್ವಾ? ಜನ ಓಡೋದ್ಲು ಅಂದ್ರು, ಅನ್ನಲಿ. ಮನೆಯೋರೇ ಇಂಗೆ ಅನ್ನಬಾರ್ದು. ಯಾರೋ ಸೈನು ಗೀಚಿಲ್ಲ ಭಾವ. ನಾನು ಆಕಿವ್ನಿ. ನಾನು ಆಕಿದ್ಮೇಲೆ ನನ್ ಮಗಳ ಮದ್ವೆ ಆಗದೆ. ನೀವು ಕಾರ್ತೀಕ್ದಲ್ಲಿ ಮಾಡೋದು ಊಟ."

ಅಷ್ಟು ಮಾತನ್ನು ಅವಳು ಒಟ್ಟಿಗೆ ಆಡಿದ್ದನ್ನು ನಾನು ಕೇಳಿರಲಿಲ್ಲ. ಇಷ್ಟು ದಿನ ನಾನು ಹೆಸರಿಗಾಗಿ ಬಡಿದಾಡುತ್ತಿದ್ದೆ, ಅವಳಿಗೆ ಅದು ಬೇಕಿರಲಿಲ್ಲ. ಆದರೆ ಅವಳ ಸಹಿಯನ್ನು ಲೆಕ್ಕಕ್ಕಿಲ್ಲ ಅಂದದ್ದು, ಅದರಿಂದ ಮಗಳಿಗೆ ಬರುವ ಕೆಟ್ಟ ಹೆಸರು, ಇದು ಅವಳ ಎದೆಗೆ ನಾಟಿತ್ತು. ದೊಡ್ಡಪ್ಪನಿಗೂ ಮರ್ಯಾದೆಯೇ ಮುಖ್ಯ, ಅವಳೂ ಅದೇ ಮರ್ಯಾದೆಯನ್ನು ಹಿಡಿದು ನಿಂತಿದ್ದಳು.

ದೊಡ್ಡಮ್ಮ ಮೆಲ್ಲಗೆ, "ಅವ್ಳು ಯೋಳೋದು ನ್ಯಾಯ ಅಲ್ವಾ" ಎಂದರು.

ದೊಡ್ಡಪ್ಪ ಎದ್ದರು. "ನಿಮ್ಗ ಇಷ್ಟ ಬಂದಂಗೆ ಬರ್ಕಳಿ. ನನ್ನೆಸ್ರ ಬುಟ್ಬುಡಿ" ಎಂದು ಟವೆಲ್ಲನ್ನು ಹೆಗಲಿಗೆಸೆದು ಹೋದರು. ಪಕ್ಕದ ಮನೆಯ ಬಾಗಿಲು ದಡಾರೆಂದು ಹಾಕಿಕೊಂಡಿತು. ಅವ್ವ ಆ ಸದ್ದಿಗೆ ಒಂದು ಸಲ ಕಣ್ಣು ಮುಚ್ಚಿದಳು, ಅಷ್ಟೆ. ಆಮೇಲೆ ನನ್ನ ಎದುರು ಬಂದು ಚಕ್ಕಳಮಕ್ಕಳ ಹಾಕಿ ಕೂತಳು.

"ಬರ್ಕೋ, ಯೋಳ್ತೀನಿ" ಎಂದಳು.

ನನ್ನ ಮಾತೃಶ್ರೀ, ಸಾಕ್ಷಿತ್ವ, ವಿಧ್ಯುಕ್ತಗಳನ್ನೆಲ್ಲ ಒಂದೊಂದಾಗಿ ಕೇಳಿ, ಅಂಗಂದ್ರೇನು, ಅದ್ಯಾಕೆ, ತೆಗಿ ಎಂದು ಗುಡಿಸಿ ಹಾಕಿದಳು. ಅವಳು ಹೇಳಿದ್ದನ್ನು ನಾನು ಬರಹದ ಕನ್ನಡಕ್ಕೆ ತಂದೆ, ಅದಕ್ಕಿಂತ ಹೆಚ್ಚು ಏನೂ ಮಾಡಲಿಲ್ಲ. ಕೊನೆಗೆ ಪತ್ರಿಕೆ ಹೀಗಾಯಿತು: ನನ್ನ ಮಗಳ ಮದುವೆ ಆಷಾಢದಲ್ಲಿ ಗುಂಡ್ಲುಪೇಟೆಯ ನೋಂದಣಿ ಕಚೇರಿಯಲ್ಲಿ ನನ್ನ ಸಾಕ್ಷಿಯಲ್ಲಿ ಆಗಿದೆ. ಗಂಡ ಹೆಂಡತಿ ಚೆನ್ನಾಗಿದ್ದಾರೆ. ಈಗ ಅವರಿಗೆ ಗುರುಗಳಿಂದ ಆಶೀರ್ವಾದ ಮಾಡಿಸಿ, ನಿಮಗೆಲ್ಲ ಊಟ ಹಾಕಬೇಕೆಂದು ನಮ್ಮ ಆಸೆ. ಮನೆಮಂದಿಯೆಲ್ಲ ಬನ್ನಿ.

ಗಂಡ ಹೆಂಡತಿ ಚೆನ್ನಾಗಿದ್ದಾರೆ ಎಂಬ ಸಾಲನ್ನು ತೆಗೆಯೋಣ ಎಂದು ನಾನು ನಾಚಿಕೊಂಡು ಹೇಳಿದೆ. "ಯಾಕೆ, ಇಲ್ವಾ?" ಎಂದು ಅಳಿಯನ ಕಡೆ ನೋಡಿದಳು. ಅಳಿಯ ಇದ್ದೀವಿ, ಇದ್ದೀವಿ ಎಂದು ಜೋರಾಗಿ ತಲೆಯಾಡಿಸಿದರು. ಸಾಲು ಉಳಿಯಿತು.

ಕರೆಯುವವರ ಜಾಗದಲ್ಲಿ ನಾನು ದಿವಂಗತ ಇಂಥವರ ಧರ್ಮಪತ್ನಿ ಎಂದು ಬರೆದು ಅವಳ ಹೆಸರು ಬರೆಯಲು ಹೋದೆ. ಅವ್ವ ನನ್ನ ಕೈ ಹಿಡಿದಳು.

"ನಿಮ್ಮಪ್ಪನ ಎಸ್ರು ನಿನ್ನೆಸ್ರ ಜೊತೆ ಇರ್ಲಿ, ನೀನು ಅವ್ರ ಮಗಳು. ನನ್ನೆಸ್ರ ಜೊತೆ ದಿವಂಗತ ಬ್ಯಾಡ. ಓಗಿರೋರು ಅವ್ರು. ನಾನು ಇನ್ನೂ ಇವ್ನಿ."

ನಾನು ಅವಳ ಹೆಸರನ್ನು ಒಂಟಿಯಾಗಿ ಬರೆದೆ. ಅದರ ಕೆಳಗೆ ಏನು ಬರೆಯಲಿ ಎಂದು ಕೇಳಿದ್ದಕ್ಕೆ ರೈತರು ಅಂತ ಬರಿ ಎಂದಳು. ಪ್ರಗತಿಪರ ಸೇರಿಸಲಾ ಎಂದೆ. "ಅದು ಭಾವಂಗಿರ್ಲಿ. ಕೆಳಗೆ ಅವ್ರೆಸ್ರ ಮೊದ್ಲು ಆಕು, ಪ್ರಗತಿಪರನೂ ಆಕು. ಅವ್ರು ಬುಡಿ ಅಂದ್ರು ಅಂತ ಬುಟ್ಬುಟ್ಟೀಯ" ಎಂದು ಎದ್ದು ಹಾಲು ಕರೆಯಲು ಹೋದಳು. ನನಗೆ ಅಳು ಬಂತು. ನನ್ನ ಗಂಡ ಆ ಹಾಳೆಯನ್ನು ಮಡಿಸಿ ತಮ್ಮ ಷರಟಿನ ಜೇಬಿಗಿಟ್ಟುಕೊಂಡರು, ನಾನು ಮತ್ತೆ ತಿದ್ದಿಬಿಡುತ್ತೇನೆ ಎಂಬ ಭಯಕ್ಕೆ.

ಪ್ರೆಸ್ಸಿನವರು ಓದಿ, "ಇಂಥ ಮ್ಯಾಟರು ನಮ್ಮಲ್ಲಿ ಇಲ್ಲ ಮೇಡಂ, ಎಲ್ಲಾ ಹೊಸದಾಗಿ ಕಂಪೋಸ್ ಮಾಡ್ಬೇಕು" ಎಂದರು. ಮಾಡಿ ಎಂದೆ. ಪ್ರೂಫ್ ನೋಡುವಾಗ ಅವ್ವನ ಹೆಸರಿನ ಅಕ್ಷರ ಉಳಿದವಕ್ಕಿಂತ ಒಂದು ಅಳತೆ ದೊಡ್ಡದು ಮಾಡಿಸಿದೆ. ಅದನ್ನು ಅವಳಿಗೆ ಹೇಳಲಿಲ್ಲ.

ಪತ್ರಿಕೆಗಳು ಬಂದವು. ನಮ್ಮಲ್ಲಿ ಯಾರ ಹೆಸರಿನಲ್ಲಿ ಪತ್ರಿಕೆಯೋ ಅವರೇ ಹೋಗಿ ಕರೆಯಬೇಕು. ಮೊದಲನೆಯದು ದೇವರ ಮುಂದೆ, ಎರಡನೆಯದು ಮನೆತನದ ಹಿರಿಯರಿಗೆ. ಹಿರಿಯರು ಎಂದರೆ ಗೋಡೆಯಾಚೆಯ ದೊಡ್ಡಪ್ಪ. ಆ ದಿನದಿಂದ ಅವರು ನಮ್ಮ ಹೊಸಿಲು ತುಳಿದಿರಲಿಲ್ಲ. ನಮ್ಮ ಹಸು ಅವರ ಹಿತ್ತಲಿಗೆ ಹೋದರೂ ತಾವು ಕೂಗದೆ ದೊಡ್ಡಮ್ಮನ ಕೈಲಿ ಕೂಗಿಸುತ್ತಿದ್ದರು. ಅವ್ವ ಬೆಳಗ್ಗೆ ಎದ್ದು ಸ್ನಾನ ಮಾಡಿ, ತಟ್ಟೆಯಲ್ಲಿ ಎಲೆ ಅಡಿಕೆ, ಬಾಳೆಹಣ್ಣು, ಅದರ ಮೇಲೆ ಪತ್ರಿಕೆ ಇಟ್ಟುಕೊಂಡು, "ಬಾ ನನ್ಜೊತೆ" ಎಂದಳು. ಹೊಸಿಲು ದಾಟುವ ಮೊದಲು ತಟ್ಟೆಯ ಮೇಲಿನ ಪತ್ರಿಕೆಯನ್ನು ಎರಡು ಸಲ ನೇರ ಮಾಡಿದಳು. ದೊಡ್ಡಪ್ಪ ತಟ್ಟೆ ಮುಟ್ಟದಿದ್ದರೆ ಊರಿನ ಇನ್ನು ಯಾವ ಮನೆಗೂ ಅವಳು ಹೋಗುವವಳಲ್ಲ.

ದೊಡ್ಡಪ್ಪ ಜಗುಲಿಯ ಮೇಲೇ ಇದ್ದರು. ಅವ್ವ ಅಂಗಳದಲ್ಲಿ ನಿಂತಳು, ಮೆಟ್ಟಿಲು ಹತ್ತಲಿಲ್ಲ.

"ಭಾವ, ಕರ್ಯಕ್ಕೆ ಬಂದಿವ್ನಿ" ಎಂದಳು.

ಅವರು ತಟ್ಟೆಯನ್ನೊಮ್ಮೆ, ಬೀದಿಯನ್ನೊಮ್ಮೆ ನೋಡಿದರು. ದೊಡ್ಡಮ್ಮ ಬಾಗಿಲಿಗೆ ಬಂದು ನಿಂತರು. ಬೀದಿಯಲ್ಲಿ ಹಾಲಿನ ಕ್ಯಾನು ಹಿಡಿದು ಹೋಗುತ್ತಿದ್ದ ಇಬ್ಬರು ಹೆಂಗಸರೂ ನಿಂತರು, ನಿಲ್ಲದೆ ಇರುತ್ತಾರೆಯೇ. ಕೊನೆಗೆ ದೊಡ್ಡಪ್ಪ ಎರಡೂ ಕೈ ಚಾಚಿ ತಟ್ಟೆ ಇಸಕೊಂಡರು. ಪಕ್ಕದಲ್ಲಿಟ್ಟು, ಕನ್ನಡಕ ಹಾಕಿಕೊಂಡು, ಪತ್ರಿಕೆ ಬಿಚ್ಚಿದರು. ಓದುವುದಾದರೆ ಅವರಿಗೆ ಗಟ್ಟಿಯಾಗಿ ಓದಿಯೇ ಅಭ್ಯಾಸ. ಮಾದಪ್ಪ ಪ್ರಸನ್ನ ಎಂದರು. ಆಷಾಢ ಬಂದಾಗ ಒಂದು ಸಲ ಕೆಮ್ಮಿದರು. ಗಂಡ ಹೆಂಡತಿ ಚೆನ್ನಾಗಿದ್ದಾರೆ ಎಂದು ಓದಿ ನನ್ನ ಕಡೆ ಕಣ್ಣು ಹಾಯಿಸಿದರು. ಆಮೇಲೆ ಕರೆಯುವವರ ಜಾಗಕ್ಕೆ ಬಂದು ನಿಂತುಬಿಟ್ಟರು.

ನಮ್ಮ ಕಡೆ ತಮ್ಮನ ಹೆಂಡತಿಯ ಹೆಸರನ್ನು ಭಾವ ಹಿಡಿಯುವುದಿಲ್ಲ. ಅವ್ವ ಆ ಮನೆಗೆ ಸೊಸೆಯಾಗಿ ಬಂದ ದಿನದಿಂದ ದೊಡ್ಡಪ್ಪನ ಬಾಯಲ್ಲಿ ಅವಳು ತಮ್ಮನ ಹೆಂಡ್ತಿ, ಇಲ್ಲವೇ ನನ್ನ ಹೆಸರು ಹೇಳಿ ಅವಳ ಅವ್ವ. ಅವರಿಗೆ ಅದು ಮರ್ಯಾದೆ. ಈಗ ಬೀದಿಯ ಜನ ನೋಡುತ್ತಿದ್ದಾರೆ, ಪತ್ರಿಕೆ ಅರ್ಧ ಓದಿ ಆಗಿದೆ. ಅವರು ಕನ್ನಡಕ ತೆಗೆದು ಪಂಚೆಯ ತುದಿಗೆ ಒರೆಸಿ ಮತ್ತೆ ಹಾಕಿಕೊಂಡರು. ನಾನು ನೆಲ ನೋಡುತ್ತ ನಿಂತೆ.

ಅವರು ಅವ್ವನ ಹೆಸರನ್ನು ಓದಿದರು. ಮೆಲ್ಲಗೆ ಅಲ್ಲ, ಬೀದಿಗೆ ಕೇಳುವ ಹಾಗೆ, ಇನಿಷಿಯಲ್ಲು ಸಮೇತ.

ಅವ್ವ ಬೆಚ್ಚಿ ಬಿದ್ದವಳಂತೆ ತಲೆ ಎತ್ತಿ, "ಆ್ಞಾ" ಎಂದು ಓಗೊಟ್ಟಳು.